ಹೊಸ ಗೇಮಿಂಗ್ ಲ್ಯಾಪ್‌ಟಾಪ್: ಮೊದಲ ವಾರ ಏನೇನು ನೋಡಬೇಕು, ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಕೊರಿಯರ್‌ನವನು ಕೊಟ್ಟುಹೋದ ಪೆಟ್ಟಿಗೆಯನ್ನು ಅಮ್ಮ ಬಾಗಿಲಿಂದ ಹಾಲ್‌ಗೆ ಎಳೆದು ತಂದು, "ಲ್ಯಾಪ್‌ಟಾಪ್ ಅಂದೆ, ಇದೇನೋ ಅಕ್ಕಿ ಚೀಲದ ಥರ ಇದೆ" ಅಂದರು. ತಪ್ಪೇನಿಲ್ಲ. ಲ್ಯಾಪ್‌ಟಾಪ್ ಎರಡೂವರೆ ಕೆಜಿ, ಅಡಾಪ್ಟರ್ ಇನ್ನೊಂದು ಮುಕ್ಕಾಲು ಕೆಜಿ. ತೊಡೆ ಮೇಲೆ ಇಟ್ಟುಕೊಳ್ಳೋ ವಸ್ತು ಇದಲ್ಲ. ಮೇಜಿನ ಮೇಲಿರಬೇಕು, ಪ್ಲಗ್ ಗೋಡೆಯಲ್ಲಿರಬೇಕು. ಆಗಾಗ ಊರಿಗೆ ಒಯ್ಯಬಹುದು, ಅಷ್ಟೆ.

ಲಕ್ಷದ ಮೇಲೆ ದುಡ್ಡು ಸುರಿದು ತಂದವರಿಗೆ ಮೊದಲ ರಾತ್ರಿಯೇ ಆಟ ಹಾಕಿ ಕೂರುವ ಆಸೆ ಇರುತ್ತದೆ, ಅಲ್ವಾ? ನಾನೂ ಕೂತೆ. ಮೂರನೇ ದಿನದಿಂದ ಆಟ ತಡವರಿಸತೊಡಗಿತು. ಗೆಳೆಯನಿಗೆ ಫೋನ್ ಮಾಡಿದರೆ, "ಮೊದಲು ಎಷ್ಟು ಎಫ್‌ಪಿಎಸ್ ಬರ್ತಿತ್ತು? ಎಷ್ಟು ಬಿಸಿ ಆಗ್ತಿತ್ತು?" ಅಂತ ಕೇಳಿದ. ಎಫ್‌ಪಿಎಸ್ ಅಂದರೆ ಆಟ ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ. ನನ್ನ ಬಳಿ ಉತ್ತರ ಇರಲಿಲ್ಲ. ಚೆನ್ನಾಗಿದ್ದಾಗ ಹೇಗಿತ್ತು ಅನ್ನೋದೇ ಗೊತ್ತಿಲ್ಲದಿದ್ದರೆ, ಕೆಟ್ಟಿದೆ ಅಂತ ಯಾವ ಬಾಯಲ್ಲಿ ಹೇಳೋದು?

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ವಾರ ಆಡೋದಕ್ಕಿಂತ ಅಳೆಯೋದು ಜಾಸ್ತಿ ಇರಲಿ. ಆನ್‌ಲೈನ್‌ನಲ್ಲಿ ತಗೊಂಡಿದ್ದರೆ ಬದಲಿಸಿಕೊಳ್ಳುವ ಅವಧಿ ಎಷ್ಟೋ ಕಡೆ ಬರೀ ಏಳು ದಿನ. ಅಷ್ಟರೊಳಗೆ ಕಂಡ ದೋಷಕ್ಕೆ ಹೊಸ ಲ್ಯಾಪ್‌ಟಾಪ್ ಸಿಗಬಹುದು. ಎಂಟನೇ ದಿನ ಕಂಡದ್ದಕ್ಕೆ ಸರ್ವೀಸ್ ಸೆಂಟರ್ ದಾರಿ.

ನನ್ನದು ಆರ್‌ಟಿಎಕ್ಸ್ 4060 (ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್), 16 ಜಿಬಿ ರ‍್ಯಾಮ್, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಪರದೆಯದು. ಯಾವ ಕಂಪನಿ ಅನ್ನೋದು ಇಲ್ಲಿ ಮುಖ್ಯವಲ್ಲ. ಕೆಳಗೆ ಹೇಳೋದೆಲ್ಲ ಹೆಚ್ಚುಕಮ್ಮಿ ಎಲ್ಲಕ್ಕೂ ಹೊಂದುತ್ತದೆ.

ಹೆಜ್ಜೆ 1: ಪೆಟ್ಟಿಗೆ ಬಿಚ್ಚುವಾಗ

ಫೋನ್‌ನಲ್ಲಿ ವಿಡಿಯೋ ಮಾಡಿಕೊಂಡೇ ಬಿಚ್ಚಿ. ಸೀಲ್, ವಿಳಾಸದ ಚೀಟಿ, ಲ್ಯಾಪ್‌ಟಾಪ್ ಅಡಿಯಲ್ಲಿರುವ ಸೀರಿಯಲ್ ನಂಬರ್, ಮೂರೂ ಒಂದೇ ವಿಡಿಯೋದಲ್ಲಿ ಬರಲಿ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬೇಡಿ. ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರ್, ಬಿಲ್‌ನಲ್ಲಿರುವುದು, ಲ್ಯಾಪ್‌ಟಾಪ್ ಮೇಲಿರುವುದು ಮೂರೂ ಒಂದೇನಾ ನೋಡಿ.

ಆಮೇಲೆ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ನಂಬರ್ ಹಾಕಿ ವಾರಂಟಿ ಯಾವಾಗ ಮುಗಿಯುತ್ತದೆ ಅಂತ ನೋಡಿ. ಕೆಲವೊಮ್ಮೆ ಅದು ನೀವು ಕೊಂಡ ದಿನದಿಂದ ಅಲ್ಲ, ಲ್ಯಾಪ್‌ಟಾಪ್ ಗೋದಾಮಿನಿಂದ ಹೊರಟ ದಿನದಿಂದ ಶುರುವಾಗಿರುತ್ತದೆ. ಒಂದೆರಡು ತಿಂಗಳು ಸುಮ್ನೆ ಹೋಗಿರುತ್ತದೆ. ಜಿಎಸ್‌ಟಿ ಬಿಲ್ ಕಳಿಸಿ ಕೇಳಿದರೆ ಸಾಮಾನ್ಯವಾಗಿ ತಿದ್ದುತ್ತಾರೆ. ಈಗಲೇ ಕೇಳಿ. ಒಂದು ವರ್ಷ ಬಿಟ್ಟು ಕೇಳುವಾಗ ಬಿಲ್ ಎಲ್ಲಿದೆ ಅಂತ ಬೀರು ಹುಡುಕಬೇಕಾಗುತ್ತದೆ.

ಪೆಟ್ಟಿಗೆ ಎಸೆಯಬೇಡಿ. ಅಟ್ಟದ ಮೇಲೆ ಹಾಕಿ.

ಹೆಜ್ಜೆ 2: ಚುಚ್ಚುವ ಮುಂಚೆ ಸಾಕೆಟ್ ನೋಡಿ

ಇದನ್ನು ಯಾರೂ ಹೇಳಲ್ಲ. ನನಗೆ ಅತಿ ಜಾಸ್ತಿ ಕಾಟ ಕೊಟ್ಟದ್ದು ಮಾತ್ರ ಇದೇ.

ಅಡಾಪ್ಟರ್ ಮೇಲಿನ ಚೀಟಿ ಓದಿ. 230 ವ್ಯಾಟ್, 240, 280, 330, ಇಂಥದ್ದೊಂದು ಸಂಖ್ಯೆ ಇರುತ್ತದೆ. ಓದಿದವರಿಗೆ ಮೊದಲು ಬರುವ ಅನುಮಾನ, ಇದಕ್ಕೆ ಗೀಸರ್ ಥರ ದೊಡ್ಡ ಸಾಕೆಟ್ ಬೇಕಾ ಅಂತ. ಬೇಡ. ನಮ್ಮ ಮನೆಯ 230 ವೋಲ್ಟ್‌ನಲ್ಲಿ 230 ವ್ಯಾಟ್ ಅಡಾಪ್ಟರ್ ಪೂರ್ತಿ ದುಡಿದರೂ ಒಂದೂಕಾಲು ಆಂಪಿಯರ್ ಒಳಗೇ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಧಾರಾಳ ಸಾಕು. ಆದರೆ ಅದು ಬಿಗಿಯಾಗಿರಬೇಕು. ಪ್ಲಗ್ ಅಲುಗಾಡಿಸಿದರೆ ಚಟಪಟ ಅನ್ನುವ ಸಾಕೆಟ್‌ಗೆ ಈ ಅಡಾಪ್ಟರ್ ಹಾಕಲೇಬೇಡಿ.

ಇನ್ನೊಂದು ಅರ್ತಿಂಗ್. ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಮುಂಗೈ ಆನಿಸಿದರೆ ಇರುವೆ ಹರಿದ ಹಾಗೆ ಜುಂ ಅನ್ನುತ್ತದಾ? ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದಾ? ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಓಡಬೇಡಿ. ಅಡಾಪ್ಟರ್ ಒಳಗೆ ಕರೆಂಟಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳಿಂದ ಸೋರುವ ತುಸು ಕರೆಂಟ್ ಅರ್ತ್ ವೈರ್ ಹಿಡಿದು ಭೂಮಿಗೆ ಹೋಗಬೇಕು. ಮನೆಯಲ್ಲಿ ಅರ್ತ್ ಇಲ್ಲದಿದ್ದರೆ, ಅಥವಾ ಮೂರು ಪಿನ್ನನ್ನು ಎರಡು ಪಿನ್ ಕನ್ವರ್ಟರ್‌ಗೆ ಸಿಕ್ಕಿಸಿದ್ದರೆ, ಅದು ಲ್ಯಾಪ್‌ಟಾಪ್ ಮೈಯಲ್ಲೇ ನಿಲ್ಲುತ್ತದೆ. ಹಳೇ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಎಷ್ಟೋ ಸಲ ಬರೀ ಅಲಂಕಾರಕ್ಕೆ ಇರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಅರ್ತ್ ಸರಿ ಇದ್ದೂ ಜುಂ ಅಂದರೆ, ಅಥವಾ ಜುಂ ಅನ್ನೋ ಬದಲು ಜೋರಾಗಿ ಹೊಡೆದರೆ, ತಕ್ಷಣ ಆಫ್ ಮಾಡಿ. ಅಂಥ ಅಡಾಪ್ಟರ್ ಬದಲಿಸಲೇಬೇಕು.

ಟೈಪ್-ಸಿ ಚಾರ್ಜರ್‌ನಲ್ಲೂ ಇವುಗಳಲ್ಲಿ ಕೆಲವು ಚಾರ್ಜ್ ಆಗುತ್ತವೆ. ಪ್ರಯಾಣದಲ್ಲಿ 100 ವ್ಯಾಟ್‌ನ ಪುಟ್ಟ ಚಾರ್ಜರ್ ಒಯ್ಯೋದು ಹಾಯಾಗಿರುತ್ತದೆ. ಆಟಕ್ಕೆ ಮಾತ್ರ ಅದು ಸಾಲದು. ಅದರಲ್ಲೇ ಆಡಿ ಎಫ್‌ಪಿಎಸ್ ಬರ್ತಿಲ್ಲ ಅಂತ ಬಯ್ಯಬೇಡಿ.

ಹೆಜ್ಜೆ 3: ಮೊದಲ ಸಲ ಆನ್ ಮಾಡಿದಾಗ

ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಯಲಿ. ಎರಡು ಮೂರು ಸಲ ರೀಸ್ಟಾರ್ಟ್ ಕೇಳುತ್ತದೆ, ಮಾಡಿ. ಆಮೇಲೆ ಕಂಪನಿಯ ಸಾಫ್ಟ್‌ವೇರ್‌ನಿಂದ ಚಿಪ್‌ಸೆಟ್ ಡ್ರೈವರ್ (ಒಳಗಿನ ಭಾಗಗಳನ್ನು ವಿಂಡೋಸ್‌ಗೆ ಹೊಂದಿಸುವ ಸಾಫ್ಟ್‌ವೇರ್) ಮತ್ತು ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮೊದಲು ಓಡುವ ಸಾಫ್ಟ್‌ವೇರ್), ಕೊನೆಗೆ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾದ ಡ್ರೈವರ್. ಜೊತೆಗೆ ಬಂದ ಟ್ರಯಲ್ ಆಂಟಿವೈರಸ್ ಕಿತ್ತುಹಾಕಿ, ವಿಂಡೋಸ್‌ನ ಸ್ವಂತದ್ದೇ ಸಾಕು. ಇಷ್ಟಕ್ಕೇ ಒಂದು ಸಂಜೆ ಹೋಗುತ್ತದೆ. ಅಪ್‌ಡೇಟ್ ಹಿಂದುಗಡೆ ಓಡುತ್ತಿರುವಾಗ ಫ್ಯಾನ್ ಕೂಗಿಕೊಳ್ಳೋದು, ಅಂಗೈ ಇಡುವ ಜಾಗ ಬೆಚ್ಚಗಾಗೋದು ಎಲ್ಲ ಮಾಮೂಲು. ಮೊದಲ ಸಂಜೆಯ ಅಬ್ಬರ ನೋಡಿ ತೀರ್ಮಾನ ಮಾಡಬೇಡಿ.

ಬಯಾಸ್ ಮುಟ್ಟುವ ಮುಂಚೆ ಒಂದು ಕೆಲಸ ತಪ್ಪದೇ ಮಾಡಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಈಗಿನ ವಿಂಡೋಸ್ 11 ನಿಮ್ಮನ್ನು ಕೇಳದೆಯೇ ಡ್ರೈವ್‌ಗೆ ಬೀಗ ಹಾಕಿರುತ್ತದೆ. ಅದಕ್ಕೆ ಬಿಟ್‌ಲಾಕರ್ ಅಂತ ಹೆಸರು. ಬಯಾಸ್ ಬದಲಾದಾಗ ಕೆಲವೊಮ್ಮೆ ಅದು ಅನುಮಾನ ಪಟ್ಟು ನೀಲಿ ಪರದೆ ತೋರಿಸಿ 48 ಅಂಕಿಯ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನ ಪುಟದಲ್ಲಿ ರಿಕವರಿ ಕೀ ಅನ್ನುವ ಕಡೆ ಇರುತ್ತದೆ. ಈಗಲೇ ನೋಡಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಬೀಗ ಬಿದ್ದ ಮೇಲೆ ಅಕೌಂಟ್‌ನ ಪಾಸ್‌ವರ್ಡ್ ನೆನಪಾಗದೆ ಒದ್ದಾಡಿದವರನ್ನು ನೋಡಿದ್ದೇನೆ. ಬಯಾಸ್ ಅಪ್‌ಡೇಟ್ ನಡೆಯುವಾಗ ಅಡಾಪ್ಟರ್ ಹಾಕಿರಲಿ, ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ, ಪರದೆ ಕಪ್ಪಾದರೂ ಪವರ್ ಬಟನ್ ಮುಟ್ಟಬೇಡಿ.

ಹೆಜ್ಜೆ 4: ಪರದೆ

165 ಹರ್ಟ್ಸ್ ಪರದೆ ಅಂತ ದುಡ್ಡು ಕೊಟ್ಟಿರುತ್ತೀರಿ. ಒಳಗೆ ನೋಡಿದರೆ ಕೆಲವೊಮ್ಮೆ 60ಕ್ಕೆ ಇಟ್ಟಿರುತ್ತದೆ. ನನ್ನದು ಎರಡು ದಿನ ಹಾಗೇ ಇತ್ತು, ನನಗೆ ಗೊತ್ತೇ ಆಗಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ, ಅಲ್ಲಿ ರಿಫ್ರೆಶ್ ರೇಟ್ ಬದಲಿಸಿ. ಮೌಸ್ ಬಾಣವನ್ನು ಸುಮ್ನೆ ಗುಂಡಗೆ ತಿರುಗಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 60ರಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 165ರಲ್ಲಿ ಬರೀ 6. ಬ್ಯಾಟರಿಗೆ ಹೋದಾಗ ತಾನೇ 60ಕ್ಕೆ ಇಳಿಸುವ ವ್ಯವಸ್ಥೆಯೂ ಕೆಲವುದರಲ್ಲಿದೆ. ಅಡಾಪ್ಟರ್ ಹಾಕಿದ ಮೇಲೆ ಮತ್ತೆ ಮೇಲಕ್ಕೆ ಬಂತಾ ಅಂತಲೂ ನೋಡಿ.

ರಾತ್ರಿ ದೀಪ ಆರಿಸಿ ಪೂರ್ತಿ ಕಪ್ಪು ಚಿತ್ರ ಹಾಕಿ. ಅಂಚುಗಳಲ್ಲಿ ತುಸು ಬೆಳಕು ಸೋರೋದು ಐಪಿಎಸ್ ಬಗೆಯ ಪರದೆಗಳಲ್ಲಿ ಸಹಜ. ಟಾರ್ಚ್ ಬಿಟ್ಟ ಹಾಗೆ ಒಂದು ಮೂಲೆ ಬೆಳಗಿದರೆ ಸಹಜ ಅಲ್ಲ. ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಒಂದೇ ಒಂದು ಸತ್ತ ಪಿಕ್ಸೆಲ್‌ಗೆ ವಾರಂಟಿಯಲ್ಲಿ ಪರದೆ ಬದಲಿಸಿಕೊಡದ ಕಂಪನಿಗಳೇ ಜಾಸ್ತಿ. ಬದಲಿಸಿಕೊಳ್ಳುವ ಅವಧಿಯಲ್ಲಿ ಮಾತ್ರ ನಿಮ್ಮ ಮಾತು ನಡೆಯಬಹುದು.

ಇನ್ನು ಮಕ್ಸ್ ಸ್ವಿಚ್. ಈ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ, ಪ್ರೊಸೆಸರ್ ಒಳಗಿನ ಸಣ್ಣದು ಮತ್ತು ಪ್ರತ್ಯೇಕವಾದ ದೊಡ್ಡದು. ಮಾಮೂಲಿ ವ್ಯವಸ್ಥೆಯಲ್ಲಿ ದೊಡ್ಡದು ಬಿಡಿಸಿದ ಚಿತ್ರ ಸಣ್ಣದರ ಮೂಲಕ ಪರದೆಗೆ ಹೋಗುತ್ತದೆ. ಬ್ಯಾಟರಿ ಉಳಿಯುತ್ತದೆ, ಆದರೆ ಕೆಲವು ಆಟಗಳಲ್ಲಿ ಎಫ್‌ಪಿಎಸ್ ಕಮ್ಮಿಯಾಗುತ್ತದೆ. ಕಂಪನಿಯ ಸಾಫ್ಟ್‌ವೇರ್‌ನಲ್ಲಿ ದೊಡ್ಡದನ್ನೇ ನೇರ ಪರದೆಗೆ ಸೇರಿಸುವ ಆಯ್ಕೆ (ಇದೇ ಮಕ್ಸ್ ಸ್ವಿಚ್) ಇದ್ದರೆ ಆಡುವಾಗ ಅದನ್ನು ಹಾಕಿ. ರೀಸ್ಟಾರ್ಟ್ ಕೇಳಬಹುದು. ಆಫೀಸ್ ಕೆಲಸಕ್ಕೆ ಹಳೇದಕ್ಕೇ ವಾಪಸ್ ತನ್ನಿ, ಇಲ್ಲಾಂದ್ರೆ ಬ್ಯಾಟರಿ ಒಂದೂವರೆ ಗಂಟೆಗೇ ಕೈ ಎತ್ತುತ್ತದೆ.

ಹೆಜ್ಜೆ 5: ಹೇಳಿದ್ದೆಲ್ಲ ಒಳಗಿದೆಯಾ?

ರ‍್ಯಾಮ್: ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಸ್ಲಾಟ್ಸ್ ಯೂಸ್ಡ್ ಅನ್ನುವ ಕಡೆ ಎರಡರಲ್ಲಿ ಒಂದು ಅಂತ ಇದ್ದರೆ ನಿಮಗೆ ಒಂದೇ ಕಡ್ಡಿ ಹಾಕಿ ಕಳಿಸಿದ್ದಾರೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಆಟಕ್ಕೆ ಒಳ್ಳೇದು, ಯಾಕಂದರೆ ಪ್ರೊಸೆಸರ್‌ಗೆ ಎರಡು ದಾರಿಯಿಂದ ಡೇಟಾ ಬರುತ್ತದೆ. ಪ್ರೊಸೆಸರ್ ಜಾಸ್ತಿ ಕೇಳುವ ಆಟಗಳಲ್ಲಿ ಒಂದೇ ಕಡ್ಡಿಯ ಕೊರತೆ ಎದ್ದು ಕಾಣುತ್ತದೆ. ನನ್ನದರಲ್ಲಿ ಒಂದೇ ಇತ್ತು. ಅದೇ ವೇಗದ ಇನ್ನೊಂದು ತಂದು ಹಾಕಿದೆ. ಹಾಕಿ ಆನ್ ಮಾಡಿದೆ, ಪರದೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಕೈಕಾಲು ತಣ್ಣಗಾಯಿತು. ಆಮೇಲೆ ತಾನೇ ಎದ್ದಿತು. ಡಿಡಿಆರ್5 ರ‍್ಯಾಮ್ ಬದಲಾದಾಗ ಮೊದಲ ಸಲ ಅದನ್ನು ಪಳಗಿಸಿಕೊಳ್ಳೋಕೆ ಲ್ಯಾಪ್‌ಟಾಪ್ ಹೀಗೆ ಕೆಲವು ನಿಮಿಷ ತಗೊಳ್ಳುತ್ತದೆ. ಆಗ ಗಾಬರಿಯಾಗಿ ಆಫ್ ಮಾಡಬೇಡಿ. ಅಂದಹಾಗೆ, ಹಿಂಬದಿ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಅಂತ ಮೊದಲೇ ಕಂಪನಿಗೆ ಇಮೇಲ್ ಮಾಡಿ ಕೇಳಿ. ಫೋನ್‌ನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರಲ್ಲ.

ಎಸ್‌ಎಸ್‌ಡಿ (ಫೈಲ್‌ಗಳೆಲ್ಲ ಕೂರುವ ಡ್ರೈವ್): ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಪವರ್ ಆನ್ ಅವರ್ಸ್ ನೋಡಿ. ಹೊಸದಾದರೆ ಕೆಲವೇ ಗಂಟೆ ಇರಬೇಕು. ನೂರಾರು ಗಂಟೆ ಇದ್ದರೆ ಯಾರೋ ಬಳಸಿ ವಾಪಸ್ ಕೊಟ್ಟದ್ದೋ, ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟದ್ದೋ ನಿಮಗೆ ಬಂದಿದೆ. ಫೋಟೋ ತೆಗೆದು ಅವತ್ತೇ ದೂರು ಕೊಡಿ.

ಬ್ಯಾಟರಿ: ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಅಂತ ಹೊಡೆದು, ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಅಂತ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಒಂದು ಫೈಲ್ ಸಿಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಹೆಚ್ಚುಕಮ್ಮಿ ಒಂದೇ ಇರಬೇಕು. ದಿನವೂ ಪ್ಲಗ್ ಹಾಕಿಯೇ ಬಳಸುವವರು ಚಾರ್ಜ್ ಮಿತಿಯನ್ನು ಶೇಕಡಾ 80ಕ್ಕೆ ಇಡಿ. ಅಂದಹಾಗೆ, ದೊಡ್ಡ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ 99.9 ವ್ಯಾಟ್-ಅವರ್ ಅಂತ ವಿಚಿತ್ರ ಸಂಖ್ಯೆಗೆ ನಿಲ್ಲೋದು ಯಾಕೆ ಗೊತ್ತಾ? ವಿಮಾನದಲ್ಲಿ ಕೇಳದೆ ಒಯ್ಯಬಹುದಾದ ಮಿತಿ 100.

ಗ್ರಾಫಿಕ್ಸ್ ಚಿಪ್‌ನ ವ್ಯಾಟ್: ಅಂಗಡಿಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳಲ್ಲ. ಆರ್‌ಟಿಎಕ್ಸ್ 4060 ಅಂತ ಹೆಸರಿರುವ ಎರಡು ಲ್ಯಾಪ್‌ಟಾಪ್ ಒಂದೇ ವೇಗದಲ್ಲಿ ಓಡಬೇಕಂತಿಲ್ಲ. ಎನ್ವಿಡಿಯಾ ಈ ಚಿಪ್‌ಗೆ 35ರಿಂದ 115 ವ್ಯಾಟ್ ತನಕ ಎಷ್ಟು ಬೇಕಾದರೂ ಕೊಡಲು ಲ್ಯಾಪ್‌ಟಾಪ್ ಮಾಡುವವರಿಗೆ ಬಿಟ್ಟಿದೆ. ಅದರ ಮೇಲೆ ಡೈನಮಿಕ್ ಬೂಸ್ಟ್ ಅಂತ ಇನ್ನಷ್ಟು. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಕಮ್ಮಿ, ದಪ್ಪದರಲ್ಲಿ ಜಾಸ್ತಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಗರಿಷ್ಠ ಎಷ್ಟು ಅಂತ ಬರೆದಿರುತ್ತದೆ. ನನ್ನದರಲ್ಲಿ 140 ಅಂತ ಇದೆ, ಆಟದಲ್ಲಿ ಮಾತ್ರ 100ರ ಆಸುಪಾಸಲ್ಲೇ ನಿಲ್ಲುತ್ತದೆ. ಅದು ದೋಷ ಅಲ್ಲ. 4060 ಅಷ್ಟರಲ್ಲೇ ತನ್ನ ವೋಲ್ಟೇಜ್ ಮಿತಿ ಮುಟ್ಟಿಬಿಡುತ್ತದೆ. 140 ಕಾಣಲಿಲ್ಲ ಅಂತ ಅದರ ಹಿಂದೆ ಬೀಳಬೇಡಿ.

ಹೆಜ್ಜೆ 6: ಬಿಸಿ ಅಳೆದು ಬರೆದಿಡಿ

ಇಡೀ ವಾರದಲ್ಲಿ ಒಂದೇ ಕೆಲಸ ಮಾಡೋದಾದರೆ ಇದನ್ನು ಮಾಡಿ.

ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ತನ್ನೊಳಗೇ ಇರುವ ಒಂದು ಆಟ ಆರಿಸಿಕೊಳ್ಳಿ. ಸೈಬರ್‌ಪಂಕ್ 2077ರಲ್ಲಿದೆ, ಫೋರ್ಜಾ ಹೊರೈಜನ್ 5ರಲ್ಲೂ ಇದೆ. ಪ್ರತಿ ಸಲ ಅದೇ ದೃಶ್ಯ ಓಡುವುದರಿಂದ ಇವತ್ತಿನದನ್ನು ಆರು ತಿಂಗಳ ಮೇಲಿನದಕ್ಕೆ ಹೋಲಿಸಬಹುದು. ಮೊದಲು 20 ನಿಮಿಷ ಆಡಿ ಲ್ಯಾಪ್‌ಟಾಪ್ ಬಿಸಿ ಮಾಡಿ, ಆಮೇಲೆ ಮೂರು ಸಲ ಓಡಿಸಿ. ತಣ್ಣಗಿದ್ದಾಗ ಬರುವ ಸಂಖ್ಯೆ ಚೆಂದ ಇರುತ್ತದೆ, ನಂಬಬೇಡಿ. ಪ್ರೊಸೆಸರ್‌ಗೆ ಸಿನಿಬೆಂಚ್ ಆರ್23 ಅನ್ನುವ ಸಾಫ್ಟ್‌ವೇರ್‌ನ 10 ನಿಮಿಷದ ಪರೀಕ್ಷೆ ಸಾಕು. ಹಿಂದುಗಡೆ ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್ ತೆರೆದಿಡಿ, ಬಿಸಿ, ವ್ಯಾಟ್, ವೇಗ ಎಲ್ಲ ಅದರಲ್ಲಿ ಕಾಣುತ್ತದೆ.

ನನ್ನ ನೋಟ್‌ಬುಕ್‌ನ ಒಂದು ಪುಟ ಹೀಗಿದೆ: "ರೂಮ್ 27 ಡಿಗ್ರಿ. ಟರ್ಬೊ ಮೋಡ್. ಹಿಂಬದಿ ಎತ್ತಿದೆ. ಸಿಪಿಯು 91, ಜಿಪಿಯು 74, ಜಿಪಿಯು 98 ವ್ಯಾಟ್. ಸರಾಸರಿ 71 ಎಫ್‌ಪಿಎಸ್, ಕನಿಷ್ಠ 54. ಫ್ಯಾನ್ ಸದ್ದು ಮಿಕ್ಸಿಗಿಂತ ಕಮ್ಮಿ, ಟೇಬಲ್ ಫ್ಯಾನ್‌ಗಿಂತ ಜಾಸ್ತಿ."

ಸಿಪಿಯು ಅಂದರೆ ಪ್ರೊಸೆಸರ್, ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಸಿಪಿಯು 91 ಅಂತ ನೋಡಿ ಎದೆ ಧಸಕ್ ಅನ್ನೋದು ಬೇಡ. ಈ ಪ್ರೊಸೆಸರ್‌ಗಳು ಇರುವ ಜಾಗವನ್ನೆಲ್ಲ ಬಳಸಿಕೊಳ್ಳುವಂತೆಯೇ ಮಾಡಿದಂಥವು. ಇಂಟೆಲ್‌ನ ಎಚ್‌ಎಕ್ಸ್ ಸಾಲಿನವು 100 ಡಿಗ್ರಿಯ ಆಸುಪಾಸಿನಲ್ಲಿ ತಾವೇ ವೇಗ ಇಳಿಸುತ್ತವೆ. ಗ್ರಾಫಿಕ್ಸ್ ಚಿಪ್ ಮಾತ್ರ ಇಷ್ಟು ಬಿಸಿ ಆಗಬಾರದು. 70ರಿಂದ 80ರ ಒಳಗಿದ್ದರೆ ಆರಾಮ, 87ರ ಹತ್ತಿರ ಅಂಟಿಕೊಂಡು ಕೂತರೆ ಏನೋ ಸರಿಯಿಲ್ಲ. ಪ್ರೊಸೆಸರ್‌ನ ಒಂದು ಕೋರ್ 98, ಪಕ್ಕದ್ದು 78, ಪರೀಕ್ಷೆ ಪೂರ್ತಿ ಹೀಗೇ ಅಂತರ ಇದ್ದರೂ ಅನುಮಾನ ಪಡಿ. ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೊರಗೆ ದಾಟಿಸುವ ಲೇಪ) ಸರಿಯಾಗಿ ಹರಡಿಲ್ಲದಿರಬಹುದು. ಇದನ್ನು ಬದಲಿಸಿಕೊಳ್ಳುವ ಅವಧಿಯಲ್ಲೇ ಹೇಳಬೇಕು.

ರೂಮಿನ ಬಿಸಿ ಯಾಕೆ ಬರೆಯಬೇಕು ಅಂದರೆ, ಹೊರಗೆ ಒಂದು ಡಿಗ್ರಿ ಏರಿದರೆ ಒಳಗೂ ಸುಮಾರು ಒಂದು ಡಿಗ್ರಿ ಏರುತ್ತದೆ. ನಾನು ಮೈಸೂರಿನಲ್ಲಿ ಅಳೆದದ್ದು, ರಾಯಚೂರಿನಲ್ಲಿರುವ ಗೆಳೆಯ ಏಪ್ರಿಲ್‌ನಲ್ಲಿ ಅಳೆದದ್ದು ಹೋಲಿಕೆಗೇ ಬರಲ್ಲ. ಹೊರಗೆ ಬಿಸಿಲು 40 ದಾಟಿರುತ್ತದೆ, ಅವನ ರೂಮೇ 37. ಅವನು ಯಾರದ್ದೋ ಚಳಿ ದೇಶದ ವಿಡಿಯೋ ನೋಡಿ ತನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಕೂತಿದ್ದ.

ತಣ್ಣಗೆ ಮಾಡೋಕೆ ಮೊದಲು ಬಿಟ್ಟಿ ಉಪಾಯ ಮಾಡಿ. ಹಿಂಬದಿಯ ಎರಡು ಮೂಲೆಗೆ ಅರ್ಧ ಅಂಗುಲ ಎತ್ತರದ ಏನಾದರೂ ಇಡಿ. ನಾನು ಒಂದೊಂದು ಮೂಲೆಗೆ ಎರಡೆರಡು ಹಳೇ ಕೇರಂ ಸ್ಟ್ರೈಕರ್ ಒಂದರ ಮೇಲೊಂದು ಇಡುತ್ತೇನೆ. ನಾಲ್ಕೈದು ಡಿಗ್ರಿ ಇಳಿಯಿತು. ಹಾಸಿಗೆ, ದಿಂಬು, ಚಾಪೆ ಮೇಲೆ ಇಟ್ಟರೆ ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಎಫ್‌ಪಿಎಸ್‌ಗೆ 80ರ ಮಿತಿ ಹಾಕಿದರೂ ತುಂಬ ಫರಕ್ ಬೀಳುತ್ತದೆ. ಕೂಲಿಂಗ್ ಪ್ಯಾಡ್ ಆಮೇಲೆ ನೋಡೋಣ.

ತೊಂದರೆ ಬಂದಾಗ: ಆಟ ತಡವರಿಸುತ್ತಿದೆ

ಅಲ್ಲೊಮ್ಮೆ ಇಲ್ಲೊಮ್ಮೆ ತಡವರಿಸೋದಕ್ಕೆ ಕಾರಣ ಹತ್ತಾರು. ಹೊಸ ಆಟದಲ್ಲಿ ಮೊದಲ ಸಲ ಒಂದು ಜಾಗಕ್ಕೆ ಹೋದಾಗ ಮಾತ್ರ ತಡವರಿಸಿ, ಎರಡನೇ ಸಲ ಸಲೀಸಾಗಿದ್ದರೆ ಅದು ಶೇಡರ್ (ಬೆಳಕು, ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ತಯಾರಾಗುವ ಹೊತ್ತು, ಲ್ಯಾಪ್‌ಟಾಪ್ ತಪ್ಪಲ್ಲ. ಆಡ್ತಾ ಆಡ್ತಾ ಅರ್ಧ ಗಂಟೆ ಮೇಲೆ ಎಫ್‌ಪಿಎಸ್ ಕುಸಿದು ಮೇಲೇಳದಿದ್ದರೆ ಗ್ರಾಫಿಕ್ಸ್ ಮೆಮೊರಿ ನೋಡಿ. 4060ರಲ್ಲಿ ಇರೋದು 8 ಜಿಬಿ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಎಲ್ಲಕ್ಕಿಂತ ಮೇಲಿನ ಅಲ್ಟ್ರಾದಲ್ಲಿಟ್ಟರೆ ಈಗಿನ ಆಟಗಳು ಅದನ್ನು ತುಂಬಿಬಿಡುತ್ತವೆ. ಒಂದು ಮೆಟ್ಟಿಲು ಇಳಿಸಿ, ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ.

ನನ್ನದು ಇದ್ಯಾವುದೂ ಆಗಿರಲಿಲ್ಲ. ಸರಿಯಾಗಿ ಓಡುತ್ತಿದ್ದ ಆಟ ಒಂದೈದು ಸೆಕೆಂಡು ಕುಂಟಿ, ಮತ್ತೆ ಸರಿಹೋಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಎರಡೇ ನಿಮಿಷಕ್ಕೆ. ಡಿಡಿಯು ಅನ್ನುವ ಸಾಫ್ಟ್‌ವೇರ್‌ನಿಂದ ಸೇಫ್ ಮೋಡ್‌ನಲ್ಲಿ ಡ್ರೈವರ್ ಬೇರುಸಹಿತ ಕಿತ್ತು ಹೊಸದು ಹಾಕಿದೆ. ಒಂದಲ್ಲ, ಮೂರು ಸಲ. ಹಳೇ ಡ್ರೈವರ್‌ಗೂ ಹೋದೆ. ಎರಡು ರಾತ್ರಿ ಹೋಯಿತು. ಬಿಸಿ ನೋಡಿದರೆ 74, ತಕರಾರಿಲ್ಲ. ಎಚ್‌ಡಬ್ಲ್ಯುಇನ್ಫೋದ ಗೆರೆಯಲ್ಲಿ ಮಾತ್ರ ಒಂದು ವಿಷಯ ಕಂಡಿತು. ಕುಂಟುವ ಹೊತ್ತಿಗೆ ಜಿಪಿಯು 98 ವ್ಯಾಟ್‌ನಿಂದ ದಡಕ್ಕನೆ 40ರ ಕೆಳಗೆ ಬಿದ್ದು, ಮತ್ತೆ ಏರುತ್ತಿತ್ತು. ಬಿಸಿ ಇಲ್ಲ, ಮೆಮೊರಿ ತುಂಬಿಲ್ಲ, ಮತ್ತೆ ವ್ಯಾಟ್ ಯಾಕೆ ಬೀಳಬೇಕು?

ವಿಂಡೋಸ್ ಹೊಸದಾಗಿ ಹಾಕೋಣ ಅಂತ ಪೆನ್‌ಡ್ರೈವ್ ತಯಾರು ಮಾಡುತ್ತಿದ್ದೆ. ಹಿಂದೆ ಬಟ್ಟೆ ಮಡಚುತ್ತಿದ್ದ ಅಮ್ಮ, "ಅವಾಗ್ಲಿಂದ ನೋಡ್ತಿದೀನಿ, ನಿನ್ನ ಪರದೆ ಮಂಕಾಗಿ ಮತ್ತೆ ಬೆಳಗುತ್ತಲ್ಲೋ. ವೋಲ್ಟೇಜ್ ಇಲ್ವೇನೋ" ಅಂದರು. ಬ್ಯಾಟರಿ ಇರೋ ಲ್ಯಾಪ್‌ಟಾಪ್‌ಗೆ ವೋಲ್ಟೇಜ್ ಏನಮ್ಮಾ ಅಂತ ನಗಾಡಿದೆ. ನಕ್ಕಾದ ಮೇಲೆ ಹೊಳೆಯಿತು. ಮತ್ತೆ ಆಟ ಹಾಕಿ, ಈ ಸಲ ಆಟ ಬಿಟ್ಟು ಮೂಲೆಯ ಬ್ಯಾಟರಿ ಚಿಹ್ನೆ ನೋಡುತ್ತಾ ಕೂತೆ. ಕುಂಟಿದ ಕ್ಷಣಕ್ಕೆ ಅದರ ಮೇಲಿನ ಪ್ಲಗ್ ಗುರುತು ಮಾಯವಾಗಿ ಮತ್ತೆ ಬಂತು.

ಏಳು ವರ್ಷದ ಹಳೇ ಎಕ್ಸ್‌ಟೆನ್ಷನ್ ಬಾಕ್ಸ್. ಒಳಗಿನ ತಗಡು ಸಡಿಲ. ಮೇಜು ಸ್ವಲ್ಪ ಅಲುಗಿದರೆ ಅರೆಕ್ಷಣ ಕರೆಂಟ್ ತಪ್ಪುತ್ತಿತ್ತು. ಲ್ಯಾಪ್‌ಟಾಪ್ ಸದ್ದಿಲ್ಲದೆ ಬ್ಯಾಟರಿಗೆ ಹೋಗುತ್ತಿತ್ತು. ಬ್ಯಾಟರಿ ಅಷ್ಟು ವ್ಯಾಟ್ ಕೊಡಲಾರದು, ಹಾಗಾಗಿ ಗ್ರಾಫಿಕ್ಸ್ ಚಿಪ್ ತಗ್ಗುತ್ತಿತ್ತು, ಪರದೆ ಮಂಕಾಗುತ್ತಿತ್ತು. ಕರೆಂಟ್ ಬಂದರೂ ಎಲ್ಲ ಮೊದಲಿನ ಹಾಗಾಗೋಕೆ ನಾಲ್ಕೈದು ಸೆಕೆಂಡು. ಗೋಡೆಯ ಸಾಕೆಟ್‌ಗೆ ನೇರ ಹಾಕಿದೆ. ಆಮೇಲೆ ಒಂದು ಸಲವೂ ಕುಂಟಿಲ್ಲ.

ಹಾಗಾಗಿ ತಡವರಿಸಿದರೆ ಡ್ರೈವರ್‌ಗೆ ಕೈ ಹಾಕುವ ಮುಂಚೆ ಆ ಕ್ಷಣದಲ್ಲಿ ಜಿಪಿಯು ವ್ಯಾಟ್ ಏನಾಯಿತು ನೋಡಿ. ವ್ಯಾಟ್ ಬಿದ್ದಿದ್ದರೆ ಬಿಸಿ ಅಥವಾ ಕರೆಂಟ್. ಎರಡರಲ್ಲಿ ಯಾವುದು ಅಂತ ತಾಪಮಾನದ ಅಂಕಿಯೇ ಹೇಳುತ್ತದೆ. ಅಡಾಪ್ಟರ್‌ನ ಪಿನ್ ಲ್ಯಾಪ್‌ಟಾಪ್ ಒಳಗೆ ಪೂರ್ತಿ ಕೂತಿಲ್ಲದಿದ್ದರೂ ಹೀಗಾಗುತ್ತದೆ. ಕೆಲವು ಅಡಾಪ್ಟರ್‌ಗಳಲ್ಲಿ ನಡುವಿನ ಸಣ್ಣ ಪಿನ್ "ನಾನು ಇಷ್ಟು ವ್ಯಾಟ್‌ನವನು" ಅಂತ ಲ್ಯಾಪ್‌ಟಾಪ್‌ಗೆ ಹೇಳುತ್ತದೆ. ಅದು ಮುಟ್ಟದಿದ್ದರೆ ಲ್ಯಾಪ್‌ಟಾಪ್ ಅಡಾಪ್ಟರನ್ನು ನಂಬಲ್ಲ, ನಿಧಾನಕ್ಕೇ ಓಡುತ್ತದೆ. ಇನ್ವರ್ಟರ್ ಮೇಲೆ ಆಡುವವರೂ ಇದನ್ನು ನೆನಪಿಡಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಅಡಾಪ್ಟರ್ ಗುಂಯ್ ಅಂದರೆ ಆಟ ನಿಲ್ಲಿಸಿ. ಕರೆಂಟ್ ಬಂದ ಮೇಲೆ ಆಡಿದರಾಯಿತು.

ವ್ಯಾಟ್ ಬೀಳದೆಯೇ ತಡವರಿಸಿದರೆ ಆಗ ಸಾಫ್ಟ್‌ವೇರ್ ಕಡೆ ಹೋಗಿ. ಹಿಂದುಗಡೆ ಓಡುವ ಓವರ್‌ಲೇಗಳನ್ನು (ಆಟದ ಮೇಲೆ ಅಂಕಿ, ಚಾಟ್ ತೋರಿಸುವಂಥವು) ಒಂದೊಂದಾಗಿ ಮುಚ್ಚಿ, ಆಮೇಲೆ ಡಿಡಿಯು. ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ಗೊತ್ತಾಗಲ್ಲ.

ಪರದೆ ಕಪ್ಪಾಯಿತು, ತಾನೇ ಆಫ್ ಆಯಿತು

ಪರದೆ ಮಾತ್ರ ಕಪ್ಪಾಗಿ ಸದ್ದು ಬರುತ್ತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆನೇ ಆಗದಿದ್ದರೆ ಅಡಾಪ್ಟರ್ ಕಿತ್ತು ಪವರ್ ಬಟನ್ 40 ಸೆಕೆಂಡು ಒತ್ತಿ ಹಿಡಿದು, ಮತ್ತೆ ಅಡಾಪ್ಟರ್ ಹಾಕಿ ನೋಡಿ. ಸತ್ತೇಹೋಯಿತು ಅಂದುಕೊಂಡ ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದಿವೆ.

ಏನಾಯಿತು ಅಂತ ತಿಳಿಯೋಕೆ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿ. ದಿನದ ಲೆಕ್ಕದಲ್ಲಿ ಯಾವಾಗ ಏನು ಕೆಟ್ಟಿತು ಅಂತ ಪಟ್ಟಿ ಬರುತ್ತದೆ. ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡರೆ ಅದನ್ನೇ ಕಾರಣ ಅಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಮಾತ್ರ ಅದರ ಅರ್ಥ. 4101 ಕಂಡರೆ ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡು ಉತ್ತರ ಕೊಡದೆ, ವಿಂಡೋಸ್ ಡ್ರೈವರನ್ನು ಮತ್ತೆ ಎಬ್ಬಿಸಿದೆ. ಒಮ್ಮೆ ಆದರೆ ಬಿಡಿ. ಹೊಸ ಡ್ರೈವರ್, ಹಳೇ ಡ್ರೈವರ್ ಎರಡರಲ್ಲೂ ದಿನಾ ಆಗುತ್ತಿದ್ದರೆ ಹಾರ್ಡ್‌ವೇರ್ ಕಡೆಗೇ ಬೆರಳು ತೋರಿಸಬೇಕು. ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್ ದೋಷದ ಗುರುತು) ಅಂತ ಶುರುವಾಗುವ ಎರರ್‌ಗಳು ಸಾಲಾಗಿ ಬರುತ್ತಿದ್ದರೂ ಅಷ್ಟೆ. ಪರದೆಯ ಫೋಟೋ ತೆಗೆದಿಡಿ.

ಬ್ಯಾಗ್‌ನಲ್ಲಿ ಬೆಂದ ಲ್ಯಾಪ್‌ಟಾಪ್

ಮುಚ್ಚಳ ಮುಚ್ಚಿ ಬ್ಯಾಗ್‌ಗೆ ಹಾಕಿ ಮೈಸೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತಿದ್ದೆ. ಮದ್ದೂರು ದಾಟುವ ಹೊತ್ತಿಗೆ ತೊಡೆ ಮೇಲಿದ್ದ ಬ್ಯಾಗ್ ಇಸ್ತ್ರಿ ಪೆಟ್ಟಿಗೆ ಥರ ಸುಡುತ್ತಿತ್ತು. ಈಗಿನ ಲ್ಯಾಪ್‌ಟಾಪ್‌ಗಳು ಮೊದಲಿನ ಹಾಗೆ ಪೂರ್ತಿ ನಿದ್ದೆ ಹೋಗಲ್ಲ. ಫೋನ್ ಥರ ಅರೆನಿದ್ದೆಯಲ್ಲಿದ್ದು ಅಪ್‌ಡೇಟ್ ಗಿಪ್ಡೇಟ್ ಅಂತ ನಡುವೆ ಎದ್ದುಬಿಡುತ್ತವೆ. ಬ್ಯಾಗ್ ಒಳಗೆ ಗಾಳಿ ಎಲ್ಲಿಂದ ಬರಬೇಕು? ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಹೈಬರ್ನೇಟ್ (ತೆರೆದದ್ದನ್ನು ಡ್ರೈವ್‌ನಲ್ಲಿ ಉಳಿಸಿ ಪೂರ್ತಿ ಆಫ್ ಆಗೋದು) ಆನ್ ಮಾಡಿ, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವ ಹಾಗೆ ಇಡಿ. ಏಳೋಕೆ ಹತ್ತು ಸೆಕೆಂಡು ಜಾಸ್ತಿ ಬೇಕು, ತೊಡೆ ಸುಡಲ್ಲ.

ಕೊಟ್ಟು ಬದಲಿಸಿಕೊಳ್ಳುವಾಗ

ಏಳು ದಿನದೊಳಗೆ ದೋಷ ಖಾತ್ರಿಯಾದರೆ "ಸ್ವಲ್ಪ ದಿನ ನೋಡೋಣ" ಅನ್ನಬೇಡಿ. ಲಿಖಿತವಾಗಿ ದೂರು ಕೊಡಿ, ದೂರಿನ ನಂಬರ್ ಬರೆದುಕೊಳ್ಳಿ. "ಲ್ಯಾಪ್‌ಟಾಪ್ ಸರಿಯಿಲ್ಲ" ಅಂದರೆ ವಿಂಡೋಸ್ ರೀಸೆಟ್ ಮಾಡಿ ಅಂತ ಉತ್ತರ ಬರುತ್ತದೆ. "ರೂಮ್ 27 ಡಿಗ್ರಿ ಇದ್ದಾಗ ಜಿಪಿಯು 87ಕ್ಕೆ ಹೋಗಿ 55 ವ್ಯಾಟ್‌ಗೆ ಇಳಿಯುತ್ತದೆ, ಮೂರು ಸಲ ಅಳೆದಿದ್ದೇನೆ, ಫೋಟೋ ಇದೆ" ಅಂದರೆ ಆ ಕಡೆಯವರ ದನಿಯೇ ಬದಲಾಗುತ್ತದೆ. ಕಂಪನಿ, ಅಂಗಡಿ ಇಬ್ಬರೂ ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ.

ಸರ್ವೀಸ್‌ಗೆ ಕೊಡುವ ಮುಂಚೆ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ಹಾಕಿಕೊಳ್ಳಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ನೀವೇ ಹಾಕಿದ ರ‍್ಯಾಮ್ ಇದ್ದರೆ ಜಾಬ್‌ಶೀಟ್‌ನಲ್ಲಿ ಬರೆಸಿ. ವಾಪಸ್ ಬಂದ ದಿನ ಹಳೇ ಪುಟ ತೆಗೆದು, ಅದೇ ಮೋಡ್, ಅದೇ ಆಟ, ಅದೇ 20 ನಿಮಿಷ ಬಿಸಿ ಮಾಡಿ ಮತ್ತೆ ಅಳೆಯಿರಿ. ಹಿಂಬದಿಯ ಸ್ಕ್ರೂಗಳನ್ನೂ ಎಣಿಸಿ. ರಾಯಚೂರಿನ ಗೆಳೆಯನದು ಒಂದು ಕಮ್ಮಿ ಬಂದಿತ್ತು.